ಇದೆಯೋ, ಇಲ್ಲವೋ

“ಅಲ್ಲಯ್ಯಾ, ನೀನು ಮಾತಾಡಿದ್ದು ಪರವಾಗಿಯೋ, ವಿರೋಧವಾಗಿಯೋ?”

ಚರ್ಚಾಸ್ಪರ್ಧೆಯ ವೇದಿಕೆಯಿಂದ ಇಳಿದು ಬರುತ್ತಿದ್ದ ನನ್ನನ್ನು ತಡೆದು ಮೇಷ್ಟ್ರು ಕೇಳಿದ ಪ್ರಶ್ನೆ ಇದು. ಹಂಗಿಸುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದರೆ ಹಾಗೇನೂ ಇರಲಿಲ್ಲ, ನಿಜಕ್ಕೂ ಗೊತ್ತಾಗದೆ ಕೇಳುತ್ತಿದ್ದರು. ಪರೀಕ್ಷೆಗಳು ರದ್ದಾಗಬೇಕು ಅನ್ನುವುದು ಅವತ್ತಿನ ವಿಷಯ. ನಾನು ವಿರೋಧದ ಕಡೆಯವನು. “ಈ ವಾದವನ್ನು ನಾನು ಒಪ್ಪುವುದಿಲ್ಲ” ಎಂದು ಐದು ನಿಮಿಷದಲ್ಲಿ ನಾಲ್ಕು ಸಲವಾದರೂ ಹೇಳಿದ್ದೆ. ಕೊನೆಯ ಸಾಲಿನಲ್ಲಿ ಕೂತಿದ್ದ ಅವರಿಗೆ ನಾಲ್ಕು ಸಲವೂ ಕೇಳಿಸಿದ್ದು “ಒಪ್ಪುವು...” ಅಷ್ಟೇ. ಮಿಕ್ಕಿದ್ದನ್ನು ನಾನೇ ನುಂಗಿದ್ದೆ.

ಕಾಲೇಜು ಸಂಚಿಕೆಯ ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹುಡುಗಿ ಫೋನ್ ಮಾಡಿದಾಗ ನನಗೆ ತಕ್ಷಣ ನೆನಪಾದದ್ದು ಆ ನುಂಗಿದ ಅಕ್ಷರಗಳೇ. ಕಟ್ಟಡ, ಕಾರಿಡಾರು, ಗೆಳೆಯರ ಗುಂಪು ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ.

ಆ ದಿನದ ಅವಮಾನವನ್ನು ಪೂರ್ತಿಯಾಗಿಯೇ ಹೇಳಿಬಿಡುತ್ತೇನೆ. ಭಾಷಣವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದೆ. ಧೈರ್ಯಕ್ಕೆ ಇರಲಿ ಎಂದು ಬರೆದ ಹಾಳೆಯನ್ನೂ ಕೈಯಲ್ಲಿ ಹಿಡಿದಿದ್ದೆ. ಕೈ ನಡುಗಿದ್ದು ಸ್ವಲ್ಪವೇ, ಆದರೆ ತೆಳು ಹಾಳೆ ಆ ನಡುಕವನ್ನು ಹತ್ತುಪಟ್ಟು ಮಾಡಿ ತೋರಿಸಿತು. ಮೈಕಿನ ಪಕ್ಕದಲ್ಲೇ ಇದ್ದದ್ದರಿಂದ ಅದರ ಪರಪರ ಸದ್ದು ಸಭೆಗೆಲ್ಲ ಕೇಳಿಸಿತು. ಬಾಯೊಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎರಡನೆಯ ಪ್ಯಾರಾದ ಮೊದಲ ಪದ ಮರೆತುಹೋಯಿತು, ಅದರ ಹಿಂದೆಯೇ ಇಡೀ ಪ್ಯಾರಾ ಹೋಯಿತು. ಪದಪದವನ್ನೂ ಉರು ಹೊಡೆದವನ ಪಾಡೇ ಇದು, ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ಕೈಬಿಡುತ್ತದೆ.

ಮೇಷ್ಟ್ರು ಅದ್ಯಾವುದನ್ನೂ ಎತ್ತಲಿಲ್ಲ. ಅವರು ಕನ್ನಡ ಪಾಠ ಮಾಡುತ್ತಿದ್ದವರು, ಅವರ ಕಿವಿ ಹೋದದ್ದು ವ್ಯಾಕರಣದ ಕಡೆಗೆ. “ನಮ್ಮ ಭಾಷೆಯಲ್ಲಿ ಯಾರು, ಏನು, ಎಲ್ಲಿ ಎಲ್ಲ ಮೊದಲೇ ಬಂದು ಕೂತಿರುತ್ತೆ. ಕ್ರಿಯಾಪದ ಮಾತ್ರ ಕೊನೆಗೆ ಬರುತ್ತೆ. ಮಾಡಿದನೋ ಬಿಟ್ಟನೋ, ಬೇಕೋ ಬೇಡವೋ, ಇದೆಯೋ ಇಲ್ಲವೋ, ಎಲ್ಲ ತೀರ್ಮಾನ ಆಗೋದು ಬಾಲದಲ್ಲಿ. ನಿನ್ನ ದನಿ ಸಾಯೋದೂ ಅಲ್ಲೇ,” ಅಂದರು. ಇಂಗ್ಲಿಷಿನವರು ‘ನಾಟ್’ ಅನ್ನುವುದನ್ನು ಸಾಮಾನ್ಯವಾಗಿ ವಾಕ್ಯದ ನಡುವೆಯೇ ಹೇಳಿ ಮುಗಿಸಿರುತ್ತಾರೆ, ಕೊನೆಯಲ್ಲಿ ಕೊಂಚ ಗೊಣಗಿದರೂ ಅವರಿಗೆ ನಡೆದೀತು, ನಮಗೆ ನಡೆಯುವುದಿಲ್ಲ ಎಂದೂ ಸೇರಿಸಿದರು. ಭಾಷಣಕಲೆಯ ಬಗ್ಗೆ ಆಮೇಲೆ ಎಷ್ಟೋ ಕಡೆ ಓದಿದ್ದೇನೆ, ಈ ಮಾತನ್ನು ಬೇರೆಲ್ಲೂ ಕಂಡಿಲ್ಲ.

ಮರುದಿನದಿಂದ ತರಗತಿ ಮುಗಿದ ಮೇಲೆ ಖಾಲಿ ಸಭಾಂಗಣದಲ್ಲಿ ಅರ್ಧ ಗಂಟೆ ಅಭ್ಯಾಸ. ನಾನು ವೇದಿಕೆಯ ಮೇಲೆ, ಅವರು ಕೊನೆಯ ಬೆಂಚಿನಲ್ಲಿ. ಮೈಕ್ ಇಲ್ಲ. ವಾಕ್ಯದ ಕೊನೆ ಕೇಳಿಸದಿದ್ದರೆ ಅವರು ಕೈ ಎತ್ತುತ್ತಿದ್ದರು, ನಾನು ಆ ವಾಕ್ಯವನ್ನು ಮೊದಲಿನಿಂದ ಹೇಳಬೇಕಿತ್ತು. ಮೊದಲ ದಿನ ಅವರ ಕೈ ಕೆಳಗಿಳಿದದ್ದೇ ಕಡಿಮೆ. ರೋಸಿಹೋಗಿ ಕೂಗತೊಡಗಿದೆ. ಅದಕ್ಕೂ ಕೈ ಎತ್ತಿದರು. “ಕೂಗಬೇಡ. ಕೂಗಿ ಶುರುಮಾಡಿದರೂ ಕೊನೆಗೆ ಇಳಿದೇ ಇಳಿಯುತ್ತೀಯ. ಕಡೇ ಪದಕ್ಕೆ ಉಸಿರು ಉಳಿಸಿಕೊಂಡಿದ್ದೀಯಾ, ಅದನ್ನ ನೋಡಿಕೋ.”

ಉಸಿರಿನ ವಿಷಯ ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಶ್ವಾಸಕೋಶದಿಂದ ಬರುವ ಗಾಳಿ ಗಂಟಲಿನ ಧ್ವನಿತಂತುಗಳನ್ನು ಕಂಪಿಸಿದಾಗ ದನಿ ಹುಟ್ಟುತ್ತದೆ. ಗಾಳಿ ತೀರುತ್ತ ಬಂದಂತೆ ಒತ್ತಡ ಇಳಿಯುತ್ತದೆ, ಜೊತೆಗೆ ದನಿಯೂ ಇಳಿಯುತ್ತದೆ. ಹೆದರಿದಾಗ ಅಡ್ರಿನಲಿನ್ ಏರಿ ಎದೆ ಬಡಿದುಕೊಳ್ಳುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಗಡಿಬಿಡಿಯಲ್ಲಿ ಆಡುತ್ತದೆ. ಅಷ್ಟು ಗಾಳಿಯಲ್ಲಿ ಉದ್ದದ ಕನ್ನಡ ವಾಕ್ಯವೊಂದರ ಕ್ರಿಯಾಪದ ತಲುಪುವುದು ಕಷ್ಟ. ಮೇಷ್ಟ್ರು ನನ್ನನ್ನು ವೇದಿಕೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ನಿಘಂಟು ಇಟ್ಟರು. ಉಸಿರೆಳೆದಾಗ ಅದು ಮೇಲೇಳಬೇಕು, ಬಿಟ್ಟಾಗ ನಿಧಾನವಾಗಿ ಇಳಿಯಬೇಕು. ಹಾಗೆ ಏರಿದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ, ಅಂದರೆ ವಪೆ, ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಬಾಗಿಲು ಹಾಕಲು ಬಂದ ಕಾವಲುಗಾರ ಹೊಟ್ಟೆಯ ಮೇಲೆ ಪುಸ್ತಕ ಹೊತ್ತು ಮಲಗಿದ್ದ ನನ್ನನ್ನೂ, ದೂರದಲ್ಲಿ ಗಂಭೀರವಾಗಿ ಕೂತಿದ್ದ ಮೇಷ್ಟ್ರನ್ನೂ ನೋಡಿ ಸದ್ದಿಲ್ಲದೆ ಹಿಂದಕ್ಕೆ ಹೋದ.

ಪ್ರಾಚೀನ ಗ್ರೀಸಿನ ಭಾಷಣಕಾರ ಡೆಮಾಸ್ತನೀಸ್ ಉಚ್ಚಾರ ತಿದ್ದಿಕೊಳ್ಳಲು ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತಾಡುತ್ತಿದ್ದನಂತೆ ಎಂದು ನಾನೊಮ್ಮೆ ಉತ್ಸಾಹದಿಂದ ಹೇಳಿದೆ. ಮೇಷ್ಟ್ರು ಬೆಚ್ಚಿಬಿದ್ದರು. “ನೀನು ಅಕ್ಷರವನ್ನೇ ನುಂಗೋನು, ಕಲ್ಲು ಬಿಟ್ಟೀಯಾ?” ಆ ಕಥೆ ಬರೆದಿಟ್ಟ ಪ್ಲುಟಾರ್ಕನೇ ಇನ್ನೊಂದನ್ನೂ ಹೇಳಿದ್ದಾನೆ, ಡೆಮಾಸ್ತನೀಸ್ ಏರು ಹತ್ತುತ್ತ ಒಂದೇ ಉಸಿರಿನಲ್ಲಿ ಪದ್ಯಗಳನ್ನು ಹೇಳುತ್ತಿದ್ದನಂತೆ, ನಮಗೆ ಬೇಕಾದದ್ದು ಅದು ಎಂದರು. ಸರಿ, ಮೂರು ತಿಂಗಳು ನಾನು ಮೆಟ್ಟಿಲು ಹತ್ತುತ್ತ ಪದ್ಯ ಹೇಳಿದೆ. ಹುಚ್ಚು ಹಿಡಿದಿದೆ ಎಂದು ಆಡಿಕೊಂಡ ಗೆಳೆಯರು ಈಗಲೂ ಸಿಕ್ಕಾಗ ಆಡಿಕೊಳ್ಳುತ್ತಾರೆ.

ಉಸಿರು ಸರಿಹೋದ ಮೇಲೆ ಬರವಣಿಗೆಗೆ ಕೈ ಹಾಕಿದರು. ನನ್ನ ಭಾಷಣದ ಮೊದಲ ವಾಕ್ಯ ಹೀಗಿತ್ತು: “ಇಂದಿನ ಶಿಕ್ಷಣ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳ ಪ್ರತಿಭೆಯನ್ನು ಅಳೆಯುವ ಮಾನದಂಡವಾಗಿ ಬಳಸಲ್ಪಡುತ್ತಿರುವಂತಹ ಪರೀಕ್ಷೆಗಳನ್ನು ಏಕಾಏಕಿ ರದ್ದುಗೊಳಿಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ.” ಅವರು ಪೆನ್ಸಿಲಿನಲ್ಲಿ ಅದನ್ನು ಹೊಡೆದು ಬರೆದರು: “ಪರೀಕ್ಷೆ ಬೇಡ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯಾಕೆ?” ಓದುವವನಿಗೆ ಅರ್ಥವಾಗದಿದ್ದರೆ ಮತ್ತೆ ಹಿಂದಕ್ಕೆ ಹೋಗಿ ಓದಿಕೊಳ್ಳುತ್ತಾನೆ, ಕೇಳುವವನು ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ‘ಅಂತಹ’, ‘ಇರುವಂತಹ’ ಕಂಡಲ್ಲೆಲ್ಲ ಅವರ ಪೆನ್ಸಿಲು ಓಡಿತು. ಭಾಷಣ ಅರ್ಧಕ್ಕಿಳಿಯಿತು. ಇಷ್ಟು ಚಿಕ್ಕದಾದರೆ ತೂಕ ಬರುವುದಿಲ್ಲ ಎಂದು ಗೊಣಗಿದ್ದಕ್ಕೆ ಅಮೆರಿಕದ ಗೆಟ್ಟಿಸ್‌ಬರ್ಗಿನ ಕಥೆ ಹೇಳಿದರು. 1863ರ ನವೆಂಬರ್ 19ರಂದು ಅಲ್ಲಿ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಮಾತಾಡಿದ್ದು ಸುಮಾರು ಎರಡು ಗಂಟೆ, ಆಮೇಲೆ ಎದ್ದ ಲಿಂಕನ್ ಮಾತಾಡಿದ್ದು ಎರಡು ನಿಮಿಷದಷ್ಟು, ಹೆಚ್ಚುಕಡಿಮೆ 270 ಪದ. ಉಳಿದುಕೊಂಡದ್ದು ಯಾವುದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರ ಪಾಠದಲ್ಲಿ ನನಗೆ ಅತಿ ವಿಚಿತ್ರವಾಗಿ ಕಂಡದ್ದು ಎರಡು ದಿನಗಳ ಒಂದು ಪರೀಕ್ಷೆ. ಮೊದಲ ದಿನ ಅವರು ನನಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತು ಭಾಷಣ ಕೇಳಿದರು. ಎರಡನೆಯ ದಿನ ಎರಡೂ ಕಿವಿಗೆ ಬೆರಳಿಟ್ಟುಕೊಂಡು ನನ್ನನ್ನು ನೋಡುತ್ತ ಕೂತರು.

ಗೋಡೆ ನೋಡಿದ ದಿನದ ವರದಿ: ಐದು ನಿಮಿಷದಲ್ಲಿ ಹದಿನೇಳು “ಏನಪ್ಪಾ ಅಂದ್ರೆ”. ಎಲ್ಲ ವಾಕ್ಯಕ್ಕೂ ಒಂದೇ ರಾಗ, ಮಗ್ಗಿ ಹೇಳಿದ ಹಾಗೆ. ‘ಭಾರತ’ ‘ಬಾರತ’ವಾಗಿದೆ, ‘ವಿಷಯ’ ‘ವಿಸಯ’ವಾಗಿದೆ. ಮಹಾಪ್ರಾಣ ತಿದ್ದಿಕೊಂಡು ಮೈಕಿನ ಮುಂದೆ ನಿಂತಾಗ ಹೊಸ ಕಷ್ಟ ಎದುರಾಯಿತು. ‘ಪ’, ‘ಫ’, ‘ಭ’ ಬಂದಾಗಲೆಲ್ಲ ಬಾಯಿಂದ ನುಗ್ಗುವ ಗಾಳಿ ಮೈಕಿಗೆ ಬಡಿದು ‘ಢಬ್’ ಎನ್ನುತ್ತಿತ್ತು. ಮೈಕನ್ನು ತುಟಿಗೆ ನೇರವಾಗಿಡದೆ ತುಸು ಓರೆಗೆ ಸರಿಸಿದರೆ ಆ ಗಾಳಿ ಪಕ್ಕಕ್ಕೆ ಹೋಗುತ್ತದೆ. ಈಗಲೂ ಎಷ್ಟೋ ದೊಡ್ಡ ಸಭೆಗಳಲ್ಲಿ ಆ ‘ಢಬ್’ ಕೇಳಿದಾಗ ಎದ್ದುಹೋಗಿ ಮೈಕ್ ಸರಿಸಿ ಬರಬೇಕು ಅನ್ನಿಸುತ್ತದೆ.

“ಏನಪ್ಪಾ ಅಂದ್ರೆ”ಗೆ ಅವರು ಕೊಟ್ಟ ಔಷಧ ಮೌನ. ಆ ಮಾತು ಬಾಯಿಗೆ ಬಂದಾಗ ಬಾಯಿ ಮುಚ್ಚಿ ಮನಸ್ಸಿನಲ್ಲೇ ಮೂರರವರೆಗೆ ಎಣಿಸಬೇಕು. ಆ ಮೂರು ಎಣಿಕೆ ನನಗೆ ಒಂದು ಯುಗವಾಗುತ್ತಿತ್ತು. “ನಿಂತಿರೋನಿಗೆ ಹಾಗನ್ನಿಸುತ್ತೆ. ಕೂತಿರೋರು ಅಷ್ಟರಲ್ಲಿ ನೀನು ಹೇಳಿದ್ದನ್ನ ತಲೆಗೆ ಹಾಕಿಕೊಳ್ಳುತ್ತಾ ಇರುತ್ತಾರೆ,” ಅಂದರು. ನಂಬಲಿಲ್ಲ. ಅಲ್ಲಿದ್ದ ಗಡಿಯಾರ ತೋರಿಸಿದರು, ನನ್ನ ಯುಗ ಎರಡು ಸೆಕೆಂಡೂ ಇರಲಿಲ್ಲ.

ಕಿವಿ ಮುಚ್ಚಿದ ದಿನದ ವರದಿ ಇನ್ನೂ ಕೆಟ್ಟದಾಗಿತ್ತು. ಗಡಿಯಾರದ ಲೋಲಕದಂತೆ ಎಡಕ್ಕೂ ಬಲಕ್ಕೂ ತೂಗುತ್ತಿದ್ದೆನಂತೆ. ಅಂಗೈಯನ್ನು ಪದೇ ಪದೇ ಪ್ಯಾಂಟಿಗೆ ಒರೆಸಿಕೊಂಡಿದ್ದೆನಂತೆ. ಕಣ್ಣು ಮಾತ್ರ ಚಾವಣಿಯ ಮೇಲಿತ್ತಂತೆ. ಒಂದು ಕಡೆ ಮೂರು ಬೆರಳು ತೋರಿಸಿದ್ದು ಅವರಿಗೆ ಇಷ್ಟವಾಗಿತ್ತು. “ಮೂರು ಕಾರಣ ಇದ್ದವಾ?” ಎಂದು ಕೇಳಿದರು. ಇದ್ದದ್ದು ನಾಲ್ಕು.

ಕೈಗಳನ್ನು ಎಲ್ಲಿಡಬೇಕು ಎಂಬ ನನ್ನ ದೊಡ್ಡ ಸಮಸ್ಯೆಗೆ ಅವರು ಬಹಳ ತಲೆಕೆಡಿಸಿಕೊಳ್ಳಲಿಲ್ಲ. ಸುಮ್ಮನೆ ಪಕ್ಕದಲ್ಲಿ ಬಿಡು, ಮಾತಿನಲ್ಲಿ ಕೆಲಸ ಬಂದಾಗ ಅವೇ ಏಳುತ್ತವೆ ಎಂದರು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಅಭಿನಯವನ್ನಂತೂ ಮೊದಲ ದಿನವೇ ನಿಲ್ಲಿಸಿದರು. ಮಾತು ಸಹಜವಾಗಿದ್ದರೆ ಕೈ ಪದದ ಜೊತೆಗೋ, ಒಂದು ಕ್ಷಣ ಮೊದಲೋ ಏಳುತ್ತದೆ. ನೆನಪಿಟ್ಟುಕೊಂಡು ಎತ್ತಿದ ಕೈ ಪದ ಮುಗಿದ ಮೇಲೆ ಬರುತ್ತದೆ, ಸಭೆಗೆ ಅದು ಕೂಡಲೇ ಗೊತ್ತಾಗುತ್ತದೆ. ನಡುಗುವ ಹಾಳೆಗೆ ಬದಲಾಗಿ ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ರಟ್ಟು ಬಂತು, ಅದರ ಮೇಲೆ ಪೂರ್ತಿ ವಾಕ್ಯಗಳಿಲ್ಲ, ಏಳೆಂಟು ಪದ ಮಾತ್ರ.

ಕಣ್ಣಿನ ವಿಷಯಕ್ಕೆ ಮಾತ್ರ ಒಂದು ವಾರ ತೆಗೆದುಕೊಂಡರು. ಎದುರಿನ ಒಬ್ಬರನ್ನು ನೋಡುತ್ತ ಒಂದು ವಾಕ್ಯ ಹೇಳಬೇಕು, ಅದರ ಕ್ರಿಯಾಪದ ಬರುವವರೆಗೆ ಕಣ್ಣು ತೆಗೆಯುವಂತಿಲ್ಲ. ಆಮೇಲೆ ಇನ್ನೊಬ್ಬರು, ಇನ್ನೊಂದು ವಾಕ್ಯ. ಖಾಲಿ ಸಭಾಂಗಣದಲ್ಲಿ ಜನರೆಲ್ಲಿ? ನನ್ನ ಬ್ಯಾಗು, ಅವರ ಕೊಡೆ, ಎರಡು ಮುರಿದ ಕುರ್ಚಿಗಳೇ ನನ್ನ ಶ್ರೋತೃಗಳಾದವು. ವಾಕ್ಯ ಮುಗಿಯುವವರೆಗೂ ಒಬ್ಬರನ್ನೇ ನೋಡುತ್ತಿದ್ದರೆ ಅವರಿಗೆ ಹೇಳಿ ಮುಗಿಸಲೇಬೇಕಾಗುತ್ತದೆ. ನನ್ನ “ಇಲ್ಲ” ಮೊದಲ ಸಲ ಕೊನೆಯ ಬೆಂಚಿಗೆ ತಲುಪಿದ್ದು ಆ ಕೊಡೆಯನ್ನು ದುರುಗುಟ್ಟಿ ನೋಡುತ್ತಿದ್ದಾಗ.

ಹೆದರಿಕೆ ಹೋಗಲಿಲ್ಲ. ಮುಂದಿನ ಸ್ಪರ್ಧೆಯ ದಿನ ನಾನು ಬೆವರುತ್ತಿದ್ದಾಗ ಮೇಷ್ಟ್ರು ಏನೂ ಹೇಳದೆ ತಮ್ಮ ಕೈ ಚಾಚಿದರು. ಮುಟ್ಟಿದರೆ ಮಂಜುಗಡ್ಡೆ. ಅವತ್ತು ಅವರು ಸ್ವಾಗತ ಭಾಷಣ ಮಾಡುವವರಿದ್ದರು, ಅಷ್ಟೇ. ಗಾಂಧೀಜಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ ಮುಂಬಯಿಯ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಎದ್ದು ನಿಂತು, ತಲೆ ಸುತ್ತಿದಂತಾಗಿ, ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟದ್ದನ್ನೂ, ಪಡೆದಿದ್ದ 30 ರೂಪಾಯಿ ಶುಲ್ಕವನ್ನು ಹಿಂತಿರುಗಿಸಿದ್ದನ್ನೂ ನನಗೆ ಮೊದಲು ಹೇಳಿದವರು ಅವರೇ. ಹೇಳುವಾಗ ಗಾಂಧೀಜಿ ಆಮೇಲೆ ಏನಾದರು ಅನ್ನುವ ಭಾಗವನ್ನು ಬಿಟ್ಟುಬಿಡುತ್ತಿದ್ದರು.

ಆ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬರಲಿಲ್ಲ. ಎಲ್ಲರಿಗೂ ಕೇಳಿಸಿತು, ನಾನು ಯಾವ ಕಡೆಯವನು ಅನ್ನುವುದೂ ಗೊತ್ತಾಯಿತು.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ತರಬೇತಿಗೆ ಕಳಿಸಿದ್ದರು. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7 ಮಾತ್ರ, ದನಿಯದು 38, ಉಳಿದ 55 ದೇಹಭಾಷೆ ಎಂದು ತರಬೇತುದಾರರು ಪರದೆಯ ಮೇಲೆ ತೋರಿಸಿದರು. ಎಲ್ಲರೂ ಬರೆದುಕೊಂಡರು. ನನಗೆ ಒಳಗೊಳಗೇ ಕಿರಿಕಿರಿ. ಹಾಗಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವನ್ನು ಬರೀ ನೋಡಿಯೇ ಬಹುಪಾಲು ಅರ್ಥ ಮಾಡಿಕೊಳ್ಳಬಹುದಿತ್ತಲ್ಲ! ಮೂಲ ಹುಡುಕಿದೆ. ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದ ಅಂಕಿಗಳವು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರ ಭಾವನೆ ಏನಿರಬಹುದೆಂದು ಊಹಿಸಲು ಹೇಳಿದ್ದರು. ಪದಕ್ಕೂ ದನಿಗೂ ಮುಖಕ್ಕೂ ತಾಳೆಯಾಗದಾಗ ಜನ ಭಾವನೆಯನ್ನು ಯಾವುದರಿಂದ ಅಳೆಯುತ್ತಾರೆ ಅನ್ನುವುದಷ್ಟೇ ಅಲ್ಲಿದ್ದ ಪ್ರಶ್ನೆ. ಎಲ್ಲ ಬಗೆಯ ಮಾತಿಗೂ ಇದು ಅನ್ವಯಿಸುವುದಿಲ್ಲ ಎಂದು ಮೆಹ್ರೇಬಿಯನ್ನರೇ ಹೇಳಿದ್ದಾರೆ. ನನ್ನ ವಿಷಯದಲ್ಲಂತೂ ಪ್ರಯೋಗ ಕಾಲೇಜಿನಲ್ಲೇ ಮುಗಿದಿತ್ತು. ಎರಡಕ್ಷರ ನುಂಗಿದ್ದಕ್ಕೆ ವಾದವೇ ಎದುರು ಪಕ್ಷಕ್ಕೆ ಹೋಗಿತ್ತು, ಯಾವ ದೇಹಭಾಷೆಯೂ ಅದನ್ನು ವಾಪಸ್ ತರಲಿಲ್ಲ.

ಮೇಷ್ಟ್ರು ನಿವೃತ್ತರಾದ ದಿನ ಅದೇ ಸಭಾಂಗಣದಲ್ಲಿ ಬೀಳ್ಕೊಡುಗೆ ಇತ್ತು. ತಡವಾಗಿ ಹೋದದ್ದರಿಂದ ನನಗೆ ಸಿಕ್ಕಿದ್ದು ಕೊನೆಯ ಬೆಂಚು. ಅವರಿವರು ಮಾತಾಡಿದರು, ಹಾರ ಹಾಕಿದರು. ಕೊನೆಗೆ ಅವರು ಎದ್ದರು. ಕೈಯಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ರಟ್ಟು. ಮೈಕನ್ನು ಓರೆಗೆ ಸರಿಸಿಕೊಂಡರು. ನಾಲ್ಕು ಮಾತು ಚೆನ್ನಾಗಿಯೇ ಆಡಿದರು. ಆಮೇಲೆ, “ಮೂವತ್ತು ವರ್ಷ ಇಲ್ಲಿದ್ದೆ. ಬಿಟ್ಟು ಹೋಗೋದಕ್ಕೆ ನನಗೆ ಬೇಸರವಿ...” ಅಂದರು. ಗಂಟಲು ಕಟ್ಟಿತು, ಉಳಿದದ್ದು ಕೇಳಿಸಲಿಲ್ಲ.

ಯೋಚನೆ ಮಾಡಿ ಮಾಡಿದ್ದಲ್ಲ. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಅಕ್ಕಪಕ್ಕದವರು ನನ್ನನ್ನು ನೋಡಿದರು. ಮೇಷ್ಟ್ರೂ ನೋಡಿದರು, ಯಾರೆಂದು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮೈಕಿನಲ್ಲೇ ನಕ್ಕುಬಿಟ್ಟರು. ಕನ್ನಡಕ ತೆಗೆದು ಒರೆಸಿದರು. ನೀರು ಕುಡಿದರು. ಹೊಟ್ಟೆಯವರೆಗೆ ಉಸಿರೆಳೆದುಕೊಂಡು, ಕಣ್ಣನ್ನು ನನ್ನ ಮೇಲೆಯೇ ಇಟ್ಟು, ವಾಕ್ಯವನ್ನು ಮೊದಲಿನಿಂದ ಶುರುಮಾಡಿದರು.

“ಬಿಟ್ಟು ಹೋಗೋದಕ್ಕೆ ನನಗೆ ಬೇಸರವಿದೆ.”

ಕೊನೆಯ ಬೆಂಚಿಗೆ ಸ್ಪಷ್ಟವಾಗಿ ಕೇಳಿಸಿತು. ಕೈ ಇಳಿಸಿದೆ.