ಜನವರಿಯ ಐಕ್ಯತಾ ಪ್ರಾರ್ಥನೆ: ಮೊದಲೇ ಕೂತು ತೀರ್ಮಾನಿಸಬೇಕಾದದ್ದು

ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥಿಸುವ ವಾರ ಪ್ರತಿವರ್ಷ ಜನವರಿ 18ರಿಂದ 25ರವರೆಗೆ. 1908ರಲ್ಲಿ ಅಮೆರಿಕದ ಪಾಲ್ ವಾಟ್ಸನ್ ಇದನ್ನು ಶುರುಮಾಡಿದಾಗ ಎಲ್ಲರೂ ರೋಮಿನ ಕಥೋಲಿಕ ಸಭೆಗೆ ಮರಳಲಿ ಎಂಬುದೇ ಆಶಯವಾಗಿತ್ತು. ಬಹುಪಾಲು ಪ್ರೊಟೆಸ್ಟೆಂಟರು ಹತ್ತಿರ ಸುಳಿಯಲಿಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ಲಿಯೋನ್‌ನ ಫಾದರ್ ಪೋಲ್ ಕುಟುರಿಯೇ, ಕ್ರಿಸ್ತ ಬಯಸಿದ ಐಕ್ಯತೆ ಕ್ರಿಸ್ತ ಬಯಸಿದ ರೀತಿಯಲ್ಲೇ ಬರಲಿ ಎಂದು ಪ್ರಾರ್ಥನೆಯನ್ನೇ ತಿದ್ದಿದರು. 1968ರಿಂದ ವ್ಯಾಟಿಕನ್ ಮತ್ತು ವಿಶ್ವ ಚರ್ಚುಗಳ ಮಂಡಳಿ ಜೊತೆಯಾಗಿ ಪಾಠ-ಪ್ರಾರ್ಥನೆಗಳ ಕೈಪಿಡಿ ಹೊರತರುತ್ತಿವೆ. 2013ರ ಕೈಪಿಡಿಯ ಹೊಣೆ ಹೊತ್ತದ್ದು ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಆಫ್ ಇಂಡಿಯಾ. ದಲಿತ ಕ್ರೈಸ್ತರ ಪಾಡನ್ನು ಎದುರಿಗಿಟ್ಟು ಬೈಬಲಿನ ಮೀಕ 6:6-8 ಆರಿಸಿದ್ದರು.

ಕಥೋಲಿಕರೂ ಪ್ರೊಟೆಸ್ಟೆಂಟರೂ ಕೂಡಿ ಆರಾಧನೆ ನಡೆಸುವಾಗ ಕೈಪಿಡಿಯನ್ನು ಇದ್ದಂತೆ ಓದಬೇಕಿಲ್ಲ, ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಎಡವಟ್ಟಾಗುವುದೂ ಅಲ್ಲೇ. ಹಾಗಾಗಿ ಕ್ರಿಸ್‌ಮಸ್ ಗಡಿಬಿಡಿಗೆ ಮೊದಲೇ ಫಾದರ್, ಪಾಸ್ಟರ್, ಎರಡೂ ಕಡೆಯ ಕಾಯರ್ ಮಾಸ್ಟರ್‌ಗಳು ಒಮ್ಮೆ ಕೂರಬೇಕು.

ಮೊದಲು ಇತ್ಯರ್ಥವಾಗಬೇಕಾದದ್ದು ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ, ಕಥೋಲಿಕರ ಮಾತಿನಲ್ಲಿ ಪರಮಪ್ರಸಾದ. ಅದು ಬೇಡ, ವಾಕ್ಯ, ಹಾಡು, ಪ್ರಾರ್ಥನೆ ಇರುವ ಆರಾಧನೆ ಸಾಕು. ಕಥೋಲಿಕ ಕಾನೂನಿನ 844ನೇ ನಿಯಮದ ಪ್ರಕಾರ ಪ್ರೊಟೆಸ್ಟೆಂಟರಿಗೆ ಪರಮಪ್ರಸಾದ ಕೊಡಲು ಮರಣಾಪಾಯದಂಥ ಗಂಭೀರ ಸಂದರ್ಭವೇ ಬೇಕು. ಪೂರ್ವದ ಸಂಪ್ರದಾಯದ ಆರ್ಥೊಡಾಕ್ಸರೂ ಹೊರಗಿನವರಿಗೆ ಕೊಡುವುದಿಲ್ಲ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಪಾಸ್ಟರ್ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ‘ಎಲ್ಲರೂ ಬನ್ನಿ’ ಎಂದು ಕರೆದುಬಿಟ್ಟರೆ ಅರ್ಧ ಜನ ಬೆಂಚಿನಲ್ಲೇ ತಲೆತಗ್ಗಿಸಿ ಕೂರುತ್ತಾರೆ. ಇದು ಊರ ಮಟ್ಟದಲ್ಲಿ ಬಗೆಹರಿಯುವ ಗಂಟಲ್ಲ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ಸಿ.ಎಸ್.ಐ. ಆಗುವುದಕ್ಕೇ ತಮಿಳುನಾಡಿನ ತರಂಗಂಬಾಡಿಯಲ್ಲಿ 1919ರಲ್ಲಿ ನಡೆದ ಸಭೆಯಿಂದ 1947ರ ಸೆಪ್ಟೆಂಬರ್ 27ರವರೆಗೆ, 28 ವರ್ಷ ಹಿಡಿಯಿತು. ಬಿಷಪ್ಪರಿಂದ ಗುರುದೀಕ್ಷೆ ಪಡೆಯದ ಪಾಸ್ಟರ್ ಪ್ರಭುಭೋಜನ ನಡೆಸಬಹುದೇ ಎಂಬುದೇ ದೊಡ್ಡ ತೊಡಕು. ಆಗಲೇ ಸೇವೆಯಲ್ಲಿದ್ದವರನ್ನು ಹಾಗೇ ಒಪ್ಪುವುದು, ಮುಂದಿನ ಗುರುದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗುವುದು ಎಂಬಲ್ಲಿ ಒಪ್ಪಂದವಾಯಿತು.

ಕರ್ತನ ಪ್ರಾರ್ಥನೆ ಎಲ್ಲರಿಗೂ ಬಾಯಿಪಾಠ, ಆದ್ದರಿಂದಲೇ ಯಾರೂ ಅದನ್ನು ಅಚ್ಚು ಹಾಕಿಸುವುದಿಲ್ಲ. ‘ಕೇಡಿನಿಂದ ತಪ್ಪಿಸು’ ಎಂಬಲ್ಲಿಗೆ ಬಂದಾಗ ಕಥೋಲಿಕರು ಆಮೆನ್ ಹೇಳಿ ನಿಲ್ಲಿಸುತ್ತಾರೆ, ಪ್ರೊಟೆಸ್ಟೆಂಟರು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಯುತ್ತಾರೆ. ಆ ಸಾಲು ಕಥೋಲಿಕರಿಗೆ ಹೊಸದಲ್ಲ. ಅವರ ಬಲಿಪೂಜೆಯಲ್ಲಿ (ಮಾಸ್) ನಡುವೆ ಗುರುಗಳ ಒಂದು ಪ್ರಾರ್ಥನೆ ಬಂದು, ಆಮೇಲೆ ಅದು ಬರುತ್ತದೆ. ಪೂರ್ತಿ ಪಠ್ಯವನ್ನು ಹಾಳೆಯಲ್ಲಿ ಅಚ್ಚು ಹಾಕಿ, ‘ಕೊನೆಯ ಸಾಲಿನವರೆಗೂ’ ಎಂದು ಮೊದಲೇ ಹೇಳಿದರೆ ಮುಗಿಯಿತು.

ನಂಬುವುದೇನೆಂದು ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸಪ್ರಮಾಣದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಥೋಲಿಕರೂ ಸಿ.ಎಸ್.ಐ.ನವರೂ ಮಾತ್ರವಾದರೆ ಅಪೊಸ್ತಲರ ವಿಶ್ವಾಸಪ್ರಮಾಣ ನಡೆಯುತ್ತದೆ. ಆರ್ಥೊಡಾಕ್ಸರ ಆರಾಧನೆಯಲ್ಲಿ ಅದರ ಬಳಕೆಯಿಲ್ಲ. ಅವರು ಬಂದಿದ್ದರೆ ನೈಸಿಯ ವಿಶ್ವಾಸಪ್ರಮಾಣವನ್ನೇ ಹೇಳಿ. ಅದರಲ್ಲೂ ಪವಿತ್ರಾತ್ಮ ತಂದೆಯಿಂದ ‘ಮತ್ತು ಮಗನಿಂದ’ ಹೊರಡುತ್ತಾನೆ ಎಂಬುದು ಪಶ್ಚಿಮದವರು ನಂತರ ಸೇರಿಸಿದ ಮಾತು. 381ರ ಮೂಲ ಪಠ್ಯದಲ್ಲಿ ಅದಿಲ್ಲ. ಆ ಮೂಲ ಪಠ್ಯವನ್ನೇ ಅಚ್ಚು ಹಾಕಿಸಿದರೆ ಯಾರೂ ಬಾಯಿ ಮುಚ್ಚಿ ನಿಲ್ಲಬೇಕಾಗುವುದಿಲ್ಲ.

ಹಾಡು ನಾಲ್ಕು ಸಾಕು. ಸಾಹಿತ್ಯ ಒಂದೇ ಇದ್ದು ರಾಗ ಬೇರೆ ಇರುವುದುಂಟು, ಶ್ರುತಿಯಂತೂ ಬೇರೆಯೇ. ಎರಡು ಕಾಯರ್‌ಗಳನ್ನು ಸೇರಿಸಿ ಒಮ್ಮೆಯಾದರೂ ಅಭ್ಯಾಸ ಮಾಡಿಸಿ, ಸಾಧ್ಯವಾದರೆ ಬೆರೆಸಿಯೇ ನಿಲ್ಲಿಸಿ. ಇಲ್ಲದಿದ್ದರೆ ಅದು ಆರಾಧನೆಯಲ್ಲ, ಕಾಯರ್ ಸ್ಪರ್ಧೆ. ಆರಾಧನೆ ಯಾರ ಚರ್ಚಿನಲ್ಲೋ ಅವರು ನಡೆಸಲಿ, ಪ್ರಸಂಗ ಅತಿಥಿಗಳದ್ದಾಗಲಿ. ಕಾಣಿಕೆ ಯಾವ ಕೆಲಸಕ್ಕೆ ಹೋಗುತ್ತದೆಂದು ಎತ್ತುವ ಮೊದಲೇ ಘೋಷಿಸಿ.

ಪೆಂಟೆಕೋಸ್ಟಲ್ ಸಭೆಗಳನ್ನು ಕರೆಯಬೇಕೇ ಎಂದರೆ, ಖಂಡಿತ ಕರೆಯಬೇಕು. ಆದರೆ ನೋವು ಎಲ್ಲಿದೆ ಎಂಬುದು ಗೊತ್ತಿರಲಿ. ನೀರಿನಿಂದ, ತಂದೆ-ಮಗ-ಪವಿತ್ರಾತ್ಮರ ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಕಥೋಲಿಕರೂ ಸಿ.ಎಸ್.ಐ.ನವರೂ ಪರಸ್ಪರ ಒಪ್ಪುತ್ತಾರೆ, ಸಭೆ ಬದಲಿಸಿದವರಿಗೆ ಮತ್ತೆ ಕೊಡುವುದಿಲ್ಲ. ಪೆಂಟೆಕೋಸ್ಟಲರು ಶಿಶುಗಳಿಗೆ ಆದದ್ದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯದೆ, ವಯಸ್ಕರನ್ನು ಮುಳುಗಿಸಿ ಕೊಡುತ್ತಾರೆ. ಮರುದೀಕ್ಷೆ ಎನಿಸುವಂಥದ್ದನ್ನು ಮಾಡಬಾರದೆಂದು ವಿಶ್ವ ಚರ್ಚುಗಳ ಮಂಡಳಿಯ 1982ರ ಲೀಮಾ ದಾಖಲೆ ಹೇಳಿತು; ಪೆಂಟೆಕೋಸ್ಟಲರಿಗೆ ಅದು ಮರುದೀಕ್ಷೆಯಲ್ಲ, ಮೊದಲನೆಯದೇ. ಈ ಚರ್ಚೆಯನ್ನು ಪೀಠದ ಮೇಲಿಂದ ಎತ್ತುವುದು ಬೇಡ. ಪಾಸ್ಟರ್‌ಗಳು ಖಾಸಗಿಯಾಗಿ ಕೂತು, ಬೇರೆ ಸಭೆಯ ಕುಟುಂಬದವರು ದೀಕ್ಷಾಸ್ನಾನ ಕೇಳಿ ಬಂದಾಗ ಆ ಸಭೆಯ ಗುರುಗಳಿಗೆ ಮೊದಲೇ ಒಂದು ಮಾತು ತಿಳಿಸುವುದು ಎಂದಿಷ್ಟು ಒಪ್ಪಿಕೊಂಡರೂ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ.