ಅಭಿಧಮನಿಯೊಳಗೆ ಚಾಚಿದ ಕೊಬ್ಬಿನ ನಾಲಗೆ

ಫಾರ್ಮಲಿನ್ ಡಬ್ಬದಿಂದ ತೆಗೆದ ಬಲ ಮೂತ್ರಪಿಂಡವನ್ನು ಮೇಜಿನ ಮೇಲಿಟ್ಟು ಉದ್ದಕ್ಕೆ ಸೀಳಿದಾಗ ಮೇಲ್ತುದಿಯಲ್ಲಿ ಸುಮಾರು 9 ಸೆಂ.ಮೀ. ಅಗಲದ, ಬೆಣ್ಣೆಬಣ್ಣದ ಗಡ್ಡೆಯೊಂದು ಕಂಡಿತು. ಚಾಕುವಿಗೆ ಜಿಡ್ಡು ಹತ್ತಿತು. ಅಷ್ಟರವರೆಗೆ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಆದರೆ ಮೂತ್ರಪಿಂಡದಿಂದ ಹೊರಡುವ ಅಭಿಧಮನಿಯನ್ನು ಕತ್ತರಿಯಿಂದ ಬಿಡಿಸಿದಾಗ, ಅದೇ ಹಳದಿ ಪದಾರ್ಥ ಕಿರುಬೆರಳಿನಷ್ಟು ದಪ್ಪದ ನಾಲಗೆಯಂತೆ ಒಳಗೆ ಚಾಚಿಕೊಂಡಿತ್ತು. ಅದು ನಾಳದ ಗೋಡೆಗೆ ಅಂಟಿರಲಿಲ್ಲ. ಚಿಮಟದಿಂದ ಎತ್ತಿದರೆ ಸಲೀಸಾಗಿ ಮೇಲೆದ್ದು ಬಂದಿತು.

ವರದಿ ಕೈಸೇರಿದ ಮರುದಿನ ರೋಗಿಯ ಮಗ ಪ್ರಯೋಗಾಲಯದ ಬಾಗಿಲಿಗೇ ಬಂದರು. “ಮೇಡಂ, ಕ್ಯಾನ್ಸರ್ ಅಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ಅದು ಅಮ್ಮನ ರಕ್ತನಾಳದೊಳಗೆ ಯಾಕೆ ಹೋಯಿತು?” ಎಂದು ಕೇಳಿದರು. ಪೆಥಾಲಜಿ ಕಲಿಯುವ ವಿದ್ಯಾರ್ಥಿಗಳು ಕೇಳಬೇಕಾದ, ಆದರೆ ಅಪರೂಪಕ್ಕೆ ಕೇಳುವ ಪ್ರಶ್ನೆಯದು.

ಈ ಗಡ್ಡೆಯ ಹೆಸರು ಆಂಜಿಯೋಮಯೋಲೈಪೋಮ. ರಕ್ತನಾಳ, ನಯವಾದ ಸ್ನಾಯು, ಕೊಬ್ಬು, ಈ ಮೂರರ ಕಲಸುಮೇಲೋಗರ ಅದು. ಸಾಮಾನ್ಯವಾಗಿ ಇದು ನಿಧಾನವಾಗಿ ಬೆಳೆದು, ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುತ್ತದೆ. ಒಮ್ಮೊಮ್ಮೆ ಮಾತ್ರ ಅದು ಮೂತ್ರಪಿಂಡದ ಅಭಿಧಮನಿಯನ್ನು ಹೊಕ್ಕು, ಅಲ್ಲಿಂದ ಮಹಾಭಿಧಮನಿಗೆ ಏರಿ, ತೀರಾ ವಿರಳವಾಗಿ ಹೃದಯದ ಬಲ ಹೃತ್ಕರ್ಣದವರೆಗೂ ತಲುಪುತ್ತದೆ. ನೋಡಿದವರಿಗೆ ಇದು ಕ್ಯಾನ್ಸರಿನ ನಡೆಯೇ. ಸೂಕ್ಷ್ಮದರ್ಶಕದಡಿ ನೋಡಿದರೆ ಒಳಹೊಕ್ಕ ನಾಲಗೆಯಲ್ಲಿಯೂ ಅದೇ ಪ್ರೌಢ ಕೊಬ್ಬು, ಅದೇ ದಪ್ಪಗೋಡೆಯ ನಾಳಗಳಿರುತ್ತವೆ. ಸುತ್ತಲಿನ ದುಗ್ಧರಸ ಗ್ರಂಥಿಗಳಲ್ಲಿ ಇಂಥದೇ ಅಂಗಾಂಶ ಕಂಡರೂ, ಅದು ಮೂಲ ಗಡ್ಡೆಯಿಂದ ಹರಡಿದ್ದಲ್ಲ, ಅಲ್ಲಲ್ಲಿಯೇ ಹುಟ್ಟಿದ್ದು ಎಂದೇ ಪರಿಗಣಿಸುವುದು ವಾಡಿಕೆ. ಹಾಗೆಂದು ನಾಳದೊಳಗಿನ ತುಂಡನ್ನು ಲಘುವಾಗಿ ನೋಡುವಂತಿಲ್ಲ. ಅದು ಕಳಚಿ ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಶಸ್ತ್ರಚಿಕಿತ್ಸಕರು ಅವಸರಪಟ್ಟದ್ದು ಅದಕ್ಕೇ.

ನನ್ನನ್ನು ನಿಜವಾಗಿ ಕಾಡುವುದು ಇದರ ಇನ್ನೊಂದು ಬಗೆ, ಎಪಿಥೀಲಿಯಾಯ್ಡ್ ಆಂಜಿಯೋಮಯೋಲೈಪೋಮ. ಅದರಲ್ಲಿ ಕೊಬ್ಬು ಕಡಿಮೆಯಾಗಿ ಅಥವಾ ಇಲ್ಲವೇ ಇಲ್ಲವಾಗಿ, ದೊಡ್ಡ ದೊಡ್ಡ ಗುಲಾಬಿ ಜೀವಕೋಶಗಳು ಹಾಳೆಹಾಳೆಯಾಗಿ ತುಂಬಿರುತ್ತವೆ. ಮೂತ್ರಪಿಂಡದ ಕ್ಯಾನ್ಸರ್ ಎಂದು ಎಂಥವರೂ ಮೋಸಹೋಗಬಹುದು. ಸಂಶಯ ಬಗೆಹರಿಸುವುದು ಎಚ್‌ಎಂಬಿ-45 ಎಂಬ ಬಣ್ಣಪರೀಕ್ಷೆ. ಚರ್ಮದ ಮೆಲನೋಮವನ್ನು ಗುರುತಿಸಲು ಬಳಸುವ ಪರೀಕ್ಷೆಯೊಂದು ಮೂತ್ರಪಿಂಡದ ಗಡ್ಡೆಯಲ್ಲಿ ಕಂದು ಬಣ್ಣಕ್ಕೆ ತಿರುಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೆರಗು ಹೋಗಿಲ್ಲ. ಈ ಬಗೆಯದು ಕೆಲವರಲ್ಲಿ ಯಕೃತ್ತು, ಶ್ವಾಸಕೋಶಗಳಿಗೆ ನಿಜವಾಗಿಯೇ ಹರಡುತ್ತದೆ. ಆದ್ದರಿಂದ ಈ ರೋಗಿಯ ಗಡ್ಡೆಯಿಂದ ವಾಡಿಕೆಗಿಂತ ಹೆಚ್ಚು ತುಂಡುಗಳನ್ನು ತೆಗೆದು ಹುಡುಕಿದೆ. ಅಂಥ ಜೀವಕೋಶಗಳು ಸಿಗಲಿಲ್ಲ.

ಇಷ್ಟಾದರೂ, ಈ ಗಡ್ಡೆಯಿಂದ ಆಗುವ ಅನಾಹುತಗಳಲ್ಲಿ ಮೊದಲು ಹೇಳಬೇಕಾದದ್ದು ರಕ್ತಸ್ರಾವವನ್ನೇ. ಇದರ ನಾಳಗಳಲ್ಲಿ ಹಿಗ್ಗಿ ಕುಗ್ಗಲು ಬೇಕಾದ ಸ್ಥಿತಿಸ್ಥಾಪಕ ಪದರ ಸರಿಯಾಗಿರುವುದಿಲ್ಲವಾದ್ದರಿಂದ ಗೋಡೆ ಗುಳ್ಳೆಯಂತೆ ಉಬ್ಬಿ, ಒಂದು ದಿನ ಒಡೆಯುತ್ತದೆ. ಪಕ್ಕೆಯಲ್ಲಿ ಹಠಾತ್ ನೋವು, ಕೈಗೆ ಸಿಗುವ ಗಂಟು, ಕುಸಿಯುವ ರಕ್ತದೊತ್ತಡ: ಮೂತ್ರಪಿಂಡದ ಸುತ್ತ ತಾನಾಗಿಯೇ ಆಗುವ ಇಂಥ ರಕ್ತಸ್ರಾವಕ್ಕೆ ಜರ್ಮನಿಯ ವೈದ್ಯ ವುಂಡರ್‌ಲಿಖ್ ಅವರ ಹೆಸರಿದೆ (ದೇಹದ ಸಹಜ ಉಷ್ಣತೆ 37 ಡಿಗ್ರಿ ಎಂದು ಜಗತ್ತಿಗೆ ಒಪ್ಪಿಸಿದವರೂ ಇವರೇ). ಗರ್ಭಿಣಿಯರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಗಡ್ಡೆ 4 ಸೆಂ.ಮೀ. ದಾಟಿದರೆ ಚಿಕಿತ್ಸೆ ಎಂಬ ಹಳೆಯ ಗೆರೆ ಈಗ ಸಡಿಲವಾಗಿದ್ದು, ನಾಳದ ಉಬ್ಬು 5 ಮಿ.ಮೀ. ಮೀರಿದೆಯೇ ಎಂಬುದನ್ನೂ ನೋಡುತ್ತಾರೆ. ಬೇಕಾದರೆ ತೊಡೆಸಂದಿಯ ಧಮನಿಯಿಂದ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಹೋಗುವ ದಾರಿಯನ್ನೇ ಮುಚ್ಚುತ್ತಾರೆ.

ಎರಡೂ ಮೂತ್ರಪಿಂಡಗಳಲ್ಲಿ ಹಲವು ಗಡ್ಡೆಗಳಿದ್ದರೆ ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಆನುವಂಶಿಕ ರೋಗದ ಶಂಕೆ ಬರಬೇಕು. ಅಲ್ಲಿ ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ವಂಶವಾಹಿ ಕೆಟ್ಟು, ಜೀವಕೋಶದ ಬೆಳವಣಿಗೆಗೆ ಇರಬೇಕಾದ ಲಗಾಮು ತಪ್ಪಿರುತ್ತದೆ. ಅಂಥವರಿಗೆ ಎವರೋಲಿಮಸ್ ಮಾತ್ರೆಯಿದೆ. 118 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಮಾತ್ರೆ ಪಡೆದ ಶೇ. 42 ಮಂದಿಯ ಗಡ್ಡೆಗಳ ಗಾತ್ರ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯಿತು, ಬರೀ ಹುಸಿಮಾತ್ರೆ ಪಡೆದವರಲ್ಲಿ ಒಬ್ಬರಿಗೂ ಇಳಿಯಲಿಲ್ಲ. ಈ ಔಷಧದ ಮೂಲದ್ರವ್ಯ ಸಿಕ್ಕಿದ್ದು ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪದ ಮಣ್ಣಿನಲ್ಲಿ; ಅದನ್ನು ಬೆನ್ನುಹತ್ತಿದ ವಿಜ್ಞಾನಿಗಳ ಮುಂದಾಳು ಅವಿಭಜಿತ ಭಾರತದಲ್ಲಿ ಹುಟ್ಟಿದ ಸುರೇನ್ ಸೆಹಗಲ್.

ಬಾಗಿಲಲ್ಲಿ ನಿಂತಿದ್ದ ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ತಾಯಿಯ ಕೆನ್ನೆಯ ಮೇಲೆ ಚಿಕ್ಕಂದಿನಿಂದ ಮೊಡವೆಯಂಥ ಗುಳ್ಳೆಗಳಿವೆಯೇ, ಫಿಟ್ಸ್ ಬಂದದ್ದಿದೆಯೇ ಎಂದು ಕೇಳಿದೆ. ಎರಡೂ ಇರಲಿಲ್ಲ, ಎಡ ಮೂತ್ರಪಿಂಡವೂ ಸ್ಕ್ಯಾನಿನಲ್ಲಿ ಶುದ್ಧವಾಗಿತ್ತು. “ಹಾಗಾದರೆ ಕೀಮೋ ಬೇಡವೇ?” ಎಂದರು. ಬೇಡ ಎಂದೆ. ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಇನ್ನೊಬ್ಬರಿಗೆ ತೋರಿಸಬೇಕೆನಿಸಿದರೆ ಕೊಡುತ್ತೇನೆ ಎಂದಾಗ ಅವರು ಸ್ವಲ್ಪ ಯೋಚಿಸಿ, ಸಂಜೆ ಬಂದು ಎರಡನ್ನೂ ಒಯ್ದರು.