ಹೂವು ನಮ್ಮದು, ಫೋಟೋ ಅವರದು

ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಬೆಳೆದದ್ದನ್ನೆಲ್ಲ ವ್ಯಾಪಾರಿಗೇ ಸುರಿಯೋದು ಬೇಡ, ಒಂದಿಷ್ಟನ್ನು ನಾವೇ ಹುರಿದು ಪುಡಿ ಮಾಡಿ ಮಾರೋಣ ಅಂತ ಹೊರಟಿದ್ದೆವು. ಕಾಲು ಕಿಲೋ ಪ್ಯಾಕೆಟ್ಟು, ಮೊದಲಿಗೆ ಎರಡು ಸಾವಿರ. ಪ್ಯಾಕೆಟ್ ಮೇಲೆ ಹಾಕೋಕೆ ನಮ್ಮ ಮನೆಯವರು ವಾಟ್ಸಾಪಿನಲ್ಲಿ ಬಂದಿದ್ದ ಒಂದು ಫೋಟೋ ಕಳಿಸಿದರು. ಒಂದೇ ಗೆಲ್ಲು, ತುಂಬಾ ಕಾಫಿ ಹೂವು, ಹಿಂದೆ ಮಂಜು.

ಡಿಸೈನ್ ಮಾಡುವ ಹುಡುಗ ಫೋನ್ ಮಾಡಿದ. "ಅಕ್ಕ, ಇದು ಪ್ರಿಂಟಲ್ಲಿ ಒಡೆದು ಹೋಗತ್ತೆ. ದೊಡ್ಡ ಫೈಲ್ ಇದೆಯಾ?"

ದೊಡ್ಡ ಫೈಲ್ ಬೇಕೆಂದರೆ ತೆಗೆದವರನ್ನು ಹುಡುಕಬೇಕಲ್ಲ. ನಿಜ ಹೇಳಬೇಕಂದ್ರೆ, ಆ ಫೋಟೋ ಚೆನ್ನಾಗಿ ಪ್ರಿಂಟ್ ಆಗಿಬಿಟ್ಟಿದ್ದರೆ ನಾವು ಯಾರನ್ನೂ ಕೇಳುತ್ತಿರಲಿಲ್ಲ.

ತೆಗೆದವರು ಶನಿವಾರಸಂತೆಯಲ್ಲಿ ಸ್ಟುಡಿಯೋ ಇಟ್ಟಿರುವ ಅಣ್ಣ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್, ಎಲ್ಲ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಪೂರ್ತಿ ಫೋಟೋ ತೆರೆದು ದೊಡ್ಡದು ಮಾಡಿ ತೋರಿಸಿದರು. ನಮಗೆ ಕಾಣದೇ ಇದ್ದ ಒಂದು ಜೇನುಹುಳ ಅಲ್ಲಿತ್ತು. ಅದರ ಕಾಲಿಗೆ ಮೆತ್ತಿದ್ದ ಹಳದಿ ಪುಡಿಯೂ ಕಾಣುತ್ತಿತ್ತು. ಮೂಲೆಯಲ್ಲಿ ಒಂದು ಓರೆ ಕಲ್ಲುಕಂಬ. ಅದನ್ನು ನೋಡಿದ್ದೇ ನಮ್ಮ ಮನೆಯವರು, "ಏ, ಇದು ನಮ್ಮ ಬೇಲಿ!" ಅಂದರು.

ಹೌದು, ನಮ್ಮದೇ ತೋಟ. ರಸ್ತೆಯಲ್ಲಿ ನಿಂತು ತೆಗೆದದ್ದಂತೆ.

ಅಲ್ಲಿಗೆ ಇವರಿಗೆ ಬಲ ಬಂತು. ನಮ್ಮ ಹೂವಿನ ಫೋಟೋಗೆ ನಾವೇ ದುಡ್ಡು ಕೊಡೋದಾ ಅಂತ. ಅಣ್ಣ ನಕ್ಕರು. "ಹೂವು ನಿಮ್ಮದೇ ಸಾರ್. ನಾನೇನು ಕಿತ್ಕೊಂಡು ಹೋಗಿಲ್ಲ."

ಅವರು ಕೇಳಿದ್ದು ಹದಿನೈದು ಸಾವಿರ. ನಾನು ಒಂದು ಸಾವಿರ ಅಂದೆ. ಹೇಗೂ ತೆಗೆದಾಗಿದೆ, ಕಂಪ್ಯೂಟರಿನಲ್ಲಿ ಸುಮ್ನೆ ಬಿದ್ದಿದೆ, ಬೇಕಾದರೆ ನಿಮ್ಮ ಹೆಸರು ಹಾಕುತ್ತೇವೆ, ನಿಮಗೂ ಪ್ರಚಾರ ಅಂತ ಸೇರಿಸಿದೆ. ಹೇಳುವಾಗಲೇ ಎಲ್ಲೋ ಕೇಳಿದ ಮಾತು ಅನ್ನಿಸಿತು. ಪ್ರತಿ ವರ್ಷ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆ ಮುಂದೆ ನಿಂತು ವ್ಯಾಪಾರಿ ಹೇಳುವುದೂ ಇದೇ ಧಾಟಿಯಲ್ಲಿ: ಹೇಗೂ ಗೋಡೌನಲ್ಲಿ ಬಿದ್ದಿದೆಯಲ್ಲ, ಕೊಟ್ಟುಬಿಡಿ. ಆಮೇಲೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ) ಕಡಿಮೆ, ತೇವ ಜಾಸ್ತಿ ಅಂತ ಇನ್ನೊಂದಿಷ್ಟು ಕಳೀತಾನೆ, ನಾವು ಮನೆಗೆ ಬಂದು ಬೈಕೊಳ್ತೀವಿ.

ಅಣ್ಣ ಜಗಳಕ್ಕೆ ಬರಲಿಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುತ್ತೆ, ಮೂರು ನಾಲ್ಕು ದಿನಕ್ಕೆ ಬಾಡುತ್ತೆ, ಅದು ನಿಮಗೆ ಗೊತ್ತೇ ಇದೆ ಅಂದರು. ಹಿಂದಿನ ವರ್ಷ ಅರಳಿದ ದಿನವೇ ಮಳೆ ಹೊಡೆದು ಹೂವೆಲ್ಲ ಕಂದಾಗಿತ್ತು. ಆ ಮಳೆ ನನಗೂ ನೆನಪಿದೆ, ಫಸಲು ಹೋಗಿದ್ದು ನಮ್ಮದಲ್ವಾ. ನಾವು ಅಳುತ್ತಾ ಕೂತ ಬೆಳಿಗ್ಗೆ ಇವರೂ ಕ್ಯಾಮರಾ ಚೀಲಕ್ಕೆ ಹಾಕಿಕೊಂಡು ವಾಪಸ್ ಹೋಗಿದ್ದರು ಅಂತ ಆವತ್ತೇ ಗೊತ್ತಾಗಿದ್ದು.

ಆಮೇಲೆ ಅವರು ಕೇಳಿದ ಪ್ರಶ್ನೆಗಳೇ ಬೇರೆ. ಎಷ್ಟು ಪ್ಯಾಕೆಟ್? ಎಷ್ಟು ವರ್ಷ? ಬೋರ್ಡಿಗೂ ಹಾಕ್ತೀರಾ? ಬೇರೆ ಯಾರಿಗೂ ಕೊಡಬಾರದಾ? ಹದಿನೈದು ಸಾವಿರ ಹೇಳಿದ್ದು ಎಲ್ಲದಕ್ಕೂ, ಯಾವಾಗಲೂ ಬಳಸುವುದಕ್ಕೆ. ನಮಗೆ ಅಷ್ಟು ಬೇಕಾಗಿರಲಿಲ್ಲ.

ಮಡಿಕೇರಿಯಲ್ಲಿ ವಕೀಲನಾಗಿರುವ ಚಿಕ್ಕಪ್ಪನ ಮಗನಿಗೆ ಅಲ್ಲಿಂದಲೇ ಫೋನ್ ಹಾಕಿದೆ, ನಮ್ಮ ಪರ ಏನಾದರೂ ಹೇಳುತ್ತಾನೇನೋ ಅಂತ. ಹೇಳಲಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ದುಡ್ಡು ಕೊಟ್ಟು ತೆಗೆಸಿದ್ದರೆ ಮಾತು ಬೇರೆ, ಅವರಾಗೇ ತೆಗೆದದ್ದರ ಹಕ್ಕು ಅವರದೇ ಅಂದ. ತೋಟ ಯಾರದಾದರೂ ಸರಿ. ಏನೇ ಒಪ್ಪಿದರೂ ಬರೆದು ಸಹಿ ಹಾಕಿಸಿಕೊ, ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಜಾಗ ಬರೆಯದಿದ್ದರೆ ಭಾರತ ಮಾತ್ರ. ನಮ್ಮ ಪುಡಿ ಕುಶಾಲನಗರ ದಾಟಿದರೆ ಸಾಕಾಗಿತ್ತು, ಹಾಗಾಗಿ ಆ ಕೊನೆಯದು ನನಗೆ ನಗು ತಂತು.

ಅಣ್ಣನ ಬಿಲ್ ಪುಸ್ತಕದ ಹಿಂಬದಿಯಲ್ಲೇ ಬರೆದೆವು. ಪ್ಯಾಕೆಟ್ಟಿಗೆ, ನಮ್ಮ ವಾಟ್ಸಾಪ್ ಜಾಹೀರಾತಿಗೆ, ಎರಡು ವರ್ಷ. ಬೋರ್ಡಿಗೆ ಇಲ್ಲ. ಬೇರೆ ಕಾಫಿ ಪುಡಿಯವರಿಗೆ ಅವರು ಕೊಡುವ ಹಾಗಿಲ್ಲ, ಕ್ಯಾಲೆಂಡರಿನವರಿಗೆ ಕೊಡಬಹುದು. ಹತ್ತು ಸಾವಿರ ಪ್ಯಾಕೆಟ್ ದಾಟಿದರೆ ಮತ್ತೆ ಕೂತು ಮಾತಾಡುವುದು. ಆರು ಸಾವಿರ, ಅರ್ಧ ಈಗ, ಅರ್ಧ ಪ್ಯಾಕೆಟ್ ಬಂದ ಮೇಲೆ.

ಬೈಕಿನಲ್ಲಿ ಬರುವಾಗ ಇವರಿಗೆ ಇನ್ನೂ ಮನಸ್ಸಿಗೆ ಒಗ್ಗಿರಲಿಲ್ಲ. ನಾನು ಹಿಂದೆ ಕೂತು ಲೆಕ್ಕ ಹಾಕಿದೆ. ಎರಡು ವರ್ಷಕ್ಕೆ ಎಂಟು ಸಾವಿರ ಪ್ಯಾಕೆಟ್ ಹೋದರೂ ಒಂದಕ್ಕೆ ಮುಕ್ಕಾಲು ರೂಪಾಯಿ. ಪ್ಯಾಕೆಟ್ಟಿನ ಜಿಪ್ಪಿಗೇ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆವು. ಹೇಳಿದೆ. "ಜಿಪ್ಪು ನಮ್ಮ ತೋಟದಲ್ಲಿ ಬೆಳೆದಿಲ್ಲವಲ್ಲ" ಅಂದರು!

ಈ ಸಲ ಮಾರ್ಚಿನಲ್ಲಿ ಹೂಮಳೆ ಬಿದ್ದು ಒಂಬತ್ತನೇ ದಿನ ಬೆಳಗ್ಗೆ ಆರಕ್ಕೇ ಗೇಟಿನ ಹತ್ತಿರ ಸ್ಕೂಟರ್ ಸದ್ದು. ಅಣ್ಣ ಹೊರಗೇ ನಿಂತು, ಒಳಗೆ ಬರಬಹುದಾ ಅಂತ ಕೇಳಿದರು.

"ಬನ್ನಿ ಬನ್ನಿ," ಅಂದರು ನಮ್ಮ ಮನೆಯವರು ಜಗಲಿಯಿಂದಲೇ. "ಒಳಗೆ ಬರೋಕೆ ಎಷ್ಟು ಕೊಡ್ತೀರಿ ಹೇಳಿ ಮೊದಲು."

"ಎಷ್ಟು ಹೊತ್ತಿನ ಮಟ್ಟಿಗೆ?" ಅಂದರು ಅಣ್ಣ, ಚಪ್ಪಲಿ ಬಿಡುತ್ತಾ.